ವಾರ್ಡಿನಲ್ಲಿ ಹಿಮೋಫಿಲಿಯಾ ರೋಗಿಯ ಪಕ್ಕ ಕೂತಾಗ ಏನು ಮಾತಾಡಬೇಕು?

ಮುಂಬಯಿಯ ಪಾಲಿಕೆ ಆಸ್ಪತ್ರೆಗಳಲ್ಲಿ ಕನ್ನಡದವರಿಗೇನೂ ಬರವಿಲ್ಲ. ಕಲಬುರಗಿ, ವಿಜಯಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ಹೋಟೆಲಿನಲ್ಲಿ ದುಡಿಯುವ ಕರಾವಳಿಯ ಹುಡುಗರು, ಚಿಕಿತ್ಸೆಗೆಂದೇ ರೈಲು ಹತ್ತಿ ಬಂದವರು, ಎಲ್ಲರೂ ಸಿಗುತ್ತಾರೆ. ಡಾಕ್ಟರು ಮರಾಠಿಯಲ್ಲೋ ಹಿಂದಿಯಲ್ಲೋ ಹೇಳುತ್ತಾರೆ. ರೋಗಿ ತಲೆ ಆಡಿಸುತ್ತಾನೆ. ಅರ್ಧ ಅರ್ಥವಾಗಿರುವುದಿಲ್ಲ. ಆಗ ಕನ್ನಡ ಸಂಘದವರಿಗೋ, ಪಕ್ಕದ ಚಾಳಿನ ಪರಿಚಯದವರಿಗೋ ಫೋನ್ ಬರುತ್ತದೆ: "ಸ್ವಲ್ಪ ಬಂದು ಮಾತಾಡಿಸ್ತೀರಾ?"

ಹಾಗೆ ಫೋನ್ ಬಂದವರಿಗಾಗಿ ಈ ಬರಹ. "ಧೈರ್ಯ ತಗೋ, ಎಲ್ಲಾ ಸರಿಹೋಗುತ್ತೆ" ಅನ್ನುವುದು ಸುಲಭ. ಆದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಈ ಹಿಮೋಫಿಲಿಯಾ ಜೀವಮಾನದ ಕಾಯಿಲೆ ಎಂದು ರೋಗಿಗೂ ಗೊತ್ತಿರುತ್ತದೆ. ಅವನಿಗೆ ಬೇಕಾದದ್ದು ತನ್ನ ಭಯಕ್ಕೆ ಸರಿಯಾದ ಉತ್ತರ, ತನಗೆ ತಿಳಿಯುವ ಭಾಷೆಯಲ್ಲಿ.

ಮೊದಲು ನರ್ಸ್ ಹತ್ತಿರ ಹೋಗಿ

ನೇರವಾಗಿ ಹಾಸಿಗೆಯ ಬಳಿ ಹೋಗಬೇಡಿ. ನೀವು ಯಾರು ಅಂತ ನರ್ಸ್‌ಗೆ ಹೇಳಿ. ಆಸ್ಪತ್ರೆಯ ಸಮಾಜ ಸೇವಾ ವಿಭಾಗದವರಿಗೂ ಗೊತ್ತಿರಲಿ. ಈಗ ರಕ್ತಸ್ರಾವ ಆಗುತ್ತಿದೆಯಾ, ಫ್ಯಾಕ್ಟರ್ (ರಕ್ತ ಹೆಪ್ಪುಗಟ್ಟಿಸುವ ಅಂಶದ ಇಂಜೆಕ್ಷನ್) ಕೊಟ್ಟಾಯಿತಾ, ನೋವು ಎಷ್ಟಿದೆ, ಇಷ್ಟು ತಿಳಿದುಕೊಳ್ಳಿ. ನೋವಿನಲ್ಲಿ ಒದ್ದಾಡುವವನಿಗೆ ಯಾವ ಸಮಾಧಾನವೂ ಕಿವಿಗೆ ಹೋಗುವುದಿಲ್ಲ. ಅಂಥ ಹೊತ್ತಿನಲ್ಲಿ ನೋವಿನ ವಿಷಯವನ್ನು ಡಾಕ್ಟರಿಗೆ ಸರಿಯಾಗಿ ದಾಟಿಸುವುದೇ ನೀವು ಮಾಡಬಹುದಾದ ದೊಡ್ಡ ಸಹಾಯ.

ಕಾಯಿಲೆಯ ಬಗ್ಗೆ ಒಂದಿಷ್ಟು ತಿಳಿದಿರಬೇಕು. ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಕಡಿಮೆಯಿದ್ದರೆ ಹಿಮೋಫಿಲಿಯಾ ಎ, ಫ್ಯಾಕ್ಟರ್ 9 ಕಡಿಮೆಯಿದ್ದರೆ ಹಿಮೋಫಿಲಿಯಾ ಬಿ. ಗಾಯವಾದರೆ ಇವರ ರಕ್ತ ಬೇರೆಯವರಿಗಿಂತ ಜೋರಾಗಿ ಹರಿಯುವುದಿಲ್ಲ, ಬೇಗ ನಿಲ್ಲುವುದಿಲ್ಲ, ಅಷ್ಟೇ. ಜಾಸ್ತಿ ತೊಂದರೆ ಹೊರಗಿನ ಗಾಯದಿಂದಲ್ಲ. ಮೊಣಕಾಲು, ಮೊಣಕೈ, ಪಾದದ ಕೀಲುಗಳ ಒಳಗೆ ಆಗುವ ರಕ್ತಸ್ರಾವದಿಂದ. ಮತ್ತೆ ಮತ್ತೆ ಹೀಗಾದರೆ ಕೀಲು ಸವೆದುಹೋಗುತ್ತದೆ.

ಇಲ್ಲೊಂದು ಮಾತು. ನೆಂಟರು ಪ್ರೀತಿಯಿಂದ ಎಣ್ಣೆ ಸೀಸೆ ಹಿಡಿದು ಬಂದಿರುತ್ತಾರೆ. ಊದಿದ ಮೊಣಕಾಲಿಗೆ ತಿಕ್ಕುವುದು, ಬಿಸಿ ಶಾಖ ಕೊಡುವುದು ಎರಡೂ ಬೇಡ ಎಂದು ಮೆತ್ತಗೆ ಹೇಳಿ. ಮೆಡಿಕಲ್ ಶಾಪಿನಿಂದ ತಾವೇ ನೋವಿನ ಮಾತ್ರೆ ತಂದು ಕೊಡುವುದೂ ಬೇಡ. ಆಸ್ಪಿರಿನ್, ಐಬುಪ್ರೊಫೆನ್‌ನಂಥವು ರಕ್ತಸ್ರಾವ ಹೆಚ್ಚಿಸುತ್ತವೆ.

ಒಂದೇ ಪ್ರಶ್ನೆ ಕೇಳಿ, ಸುಮ್ಮನಿರಿ

ನಿಂತುಕೊಂಡು ಮಾತಾಡಬೇಡಿ, ಸ್ಟೂಲ್ ಎಳೆದುಕೊಂಡು ಕೂರಿ. ಊರು, ಬೆಳೆ, ಮಳೆ ಅಂತ ಎರಡು ಮಾತಾಗಲಿ. ಆಮೇಲೆ, "ಈಗ ನಿನಗ ಹೆಚ್ಚು ಚಿಂತಿ ಯಾವುದರದ್ದು ತಮ್ಮಾ?" ಎಂದು ಕೇಳಿ. ನಂತರ ಬಾಯಿ ಮುಚ್ಚಿಕೊಂಡಿರುವುದು ಮುಖ್ಯ. ನಮ್ಮವರಿಗೆ ಕಷ್ಟವಾಗುವುದು ಇದೇ.

ಉತ್ತರ ನೀವು ನಿರೀಕ್ಷಿಸಿದ್ದಾಗಿರುವುದಿಲ್ಲ. ದಿನವಿಡೀ ನಿಂತು ದುಡಿಯುವ ಹೋಟೆಲ್ ಹುಡುಗನಿಗೆ ಸಾವಿನ ಭಯಕ್ಕಿಂತ ಕೆಲಸ ಹೋಗುವ ಭಯ ದೊಡ್ಡದಿರಬಹುದು. ಮಾಲೀಕರಿಗೆ ಹೇಳಲೇ ಬೇಡವೇ ಎಂಬ ಗೊಂದಲ ಇರಬಹುದು. ಮದುವೆ ನಿಶ್ಚಯವಾಗಿರಬಹುದು. ಹದಿನಾರರ ಹುಡುಗನಾದರೆ ಕ್ರಿಕೆಟ್ ಬಿಡಿಸುತ್ತಾರೆಂದು ಕಾಲು ಊದಿದ್ದನ್ನೇ ಮುಚ್ಚಿಟ್ಟಿರುತ್ತಾನೆ. ಅವನಿಗೆ ಬೈದರೆ ಮುಂದಿನ ಸಲವೂ ಮುಚ್ಚಿಡುತ್ತಾನೆ. ಯಾವ ಆಟ ಆಡಬಹುದು ಎಂದು ಡಾಕ್ಟರನ್ನು ಅವನೇ ಕೇಳುವಂತೆ ಮಾಡಿ. ಈಜು ಇವರಿಗೆ ಒಳ್ಳೆಯದು.

ಹೆಣ್ಣುಮಕ್ಕಳನ್ನು ಮರೆಯಬೇಡಿ. ರಕ್ತ ಸರಿಯಾಗಿ ಹೆಪ್ಪುಗಟ್ಟದ ವಾನ್ ವಿಲಿಬ್ರಾಂಡ್ ಎಂಬ ಇನ್ನೊಂದು ಕಾಯಿಲೆ ಗಂಡು ಹೆಣ್ಣು ಇಬ್ಬರಿಗೂ ಬರುತ್ತದೆ. ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿದ್ದರೂ ನಾಚಿಕೆಯಿಂದ ಹೇಳಿರುವುದಿಲ್ಲ. ಇಂಥ ಮಾತಿಗೆ ಹೆಂಗಸರೊಬ್ಬರು ಹೋಗುವುದೇ ಸರಿ. ಮನೆಯ ಚಿಕ್ಕ ಮಕ್ಕಳಿಗೆ ಹಿಂದಿ ಬರುತ್ತದೆಂದು ಅವರ ಕೈಲಿ ಅನುವಾದ ಮಾಡಿಸುವುದಂತೂ ಬೇಡವೇ ಬೇಡ.

ತಾಯಿಯ ಜೊತೆ ಬೇರೆಯಾಗಿ

ಮಗು ಹಾಸಿಗೆಯಲ್ಲಿದ್ದರೆ, ಅದಕ್ಕಿಂತ ಜಾಸ್ತಿ ಆಸರೆ ಬೇಕಾಗಿರುವುದು ಎಷ್ಟೋ ಸಲ ತಾಯಿಗೆ. ಹಿಮೋಫಿಲಿಯಾದ ಜೀನ್ (ವಂಶವಾಹಿ) ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡುಮಗುವಿಗೆ ಅದು ತಾಯಿಯಿಂದ ಬರುತ್ತದೆ. ಇಷ್ಟು ಕಿವಿಗೆ ಬಿದ್ದರೆ ಸಾಕು, ಮನೆಯವರೆಲ್ಲ ಸೇರಿ ಅವಳ ಮೇಲೆ ತಪ್ಪು ಹೊರಿಸುತ್ತಾರೆ. ಹೊರಿಸದಿದ್ದರೆ ಅವಳೇ ಹೊತ್ತುಕೊಳ್ಳುತ್ತಾಳೆ. "ಏನ್ ಪಾಪ ಮಾಡಿದ್ನೋ" ಎಂದು ಅಳುವವಳಿಗೆ "ಅಳಬೇಡ" ಎನ್ನುವ ಬದಲು ವಿಷಯ ಬಿಡಿಸಿ ಹೇಳಿ.

ಹೀಗೆ ಹೇಳಬಹುದು: "ಇದು ಯಾರೂ ಆರಿಸಿಕೊಂಡದ್ದಲ್ಲ ಅವ್ವಾ. ನೀವು ಬಸುರಿಯಿದ್ದಾಗ ತಿಂದದ್ದು, ಮಾಡಿದ್ದು ಯಾವುದೂ ಕಾರಣ ಅಲ್ಲ. ಸುಮಾರು ಮೂರರಲ್ಲಿ ಒಂದು ಪಾಲು ಮಕ್ಕಳ ಮನೆತನದಲ್ಲಿ ಹಿಂದೆ ಯಾರಿಗೂ ಇದು ಇದ್ದಿರುವುದಿಲ್ಲ." ಇದನ್ನೇ ಗಂಡನಿಗೂ ಹೇಳಬೇಕು. ಅತ್ತೆಗೆ ಹೇಳಬೇಕೋ ಬೇಡವೋ ಎಂಬುದನ್ನು ಮಾತ್ರ ಆಕೆಯನ್ನು ಕೇಳಿಯೇ ತೀರ್ಮಾನಿಸಿ. ನಿಮ್ಮ ಉತ್ಸಾಹಕ್ಕೆ ಆಕೆಯ ಸಂಸಾರ ಬಲಿಯಾಗಬಾರದು.

ಮುಂದಿನ ಮಗುವಿನ ಪ್ರಶ್ನೆ ಬಂದೇ ಬರುತ್ತದೆ. ತಾಯಿಯಲ್ಲಿ ಆ ಜೀನ್ ಇದ್ದರೆ ಹುಟ್ಟುವ ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಅರ್ಧಕ್ಕರ್ಧ. ನೀವು ಸಲಹೆ ಕೊಡಲು ಹೋಗಬೇಡಿ. ಪರೇಲ್‌ನ ಕೆಇಎಂ ಆಸ್ಪತ್ರೆಯ ಆವರಣದಲ್ಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆ ಇದೆ, ರಕ್ತದ ಕಾಯಿಲೆಗಳ ಸಂಶೋಧನೆ ನಡೆಯುವುದು ಅಲ್ಲಿ. ಇಂಥ ಜೀನ್ ಪರೀಕ್ಷೆಗೆ ಹೆಸರಾದ ಜಾಗ. ಅಲ್ಲಿಗೆ ಕಳಿಸಬಹುದಾ ಎಂದು ಡಾಕ್ಟರನ್ನು ಕೇಳಿ.

ಸೂಜಿಯ ಹೊತ್ತಿನಲ್ಲಿ

"ನೋವೇ ಆಗಲ್ಲ ಪುಟ್ಟಾ" ಎನ್ನಬೇಡಿ. ಈ ಮಗುವಿಗೆ ಮುಂದೆಯೂ ನೂರಾರು ಸಲ ಸೂಜಿ ಚುಚ್ಚಬೇಕಾಗಬಹುದು. ಸುಳ್ಳು ಒಂದೇ ಸಲ ನಡೆಯುತ್ತದೆ. "ಚುರ್ ಅನ್ನುತ್ತೆ, ಆಮೇಲೆ ಹೋಗುತ್ತೆ" ಎಂದು ನಿಜ ಹೇಳಿ. ಕೈಕಾಲು ಒತ್ತಿ ಹಿಡಿಯುವ ಬದಲು ಅಮ್ಮನ ತೊಡೆಯ ಮೇಲೆ ಕೂರಿಸಬಹುದಾ ಕೇಳಿ. ಯಾವ ಕೈ ಎಂದು ಮಗುವೇ ಆರಿಸಲಿ. ಸೋಪಿನ ಗುಳ್ಳೆ ಊದಿಸಿ, ಉಸಿರು ತಾನಾಗಿ ನಿಧಾನವಾಗುತ್ತದೆ.

ಮನಸ್ಸು ತೀರಾ ಕುಗ್ಗಿದ್ದರೆ

ಎರಡು ವಾರದಿಂದ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ ಎಂದರೆ ನಿಮ್ಮ ಮಾತಷ್ಟೇ ಸಾಲದು. "ಸತ್ತು ಹೋಗೋಣ ಅನ್ನಿಸುತ್ತಾ?" ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬರನ್ನೇ ಬಿಡದೆ ತಕ್ಷಣ ಡಾಕ್ಟರಿಗೆ ಹೇಳಿ. ಅದನ್ನು ಗುಟ್ಟಾಗಿಡುವ ಮಾತು ಕೊಡಬೇಡಿ.

ಮನೋವೈದ್ಯರ ಬಳಿ ಹೋದರೆ ಹಿಮೋಫಿಲಿಯಾ ಇದೆ ಎಂಬುದನ್ನು ಮೊದಲೇ ತಿಳಿಸಬೇಕು. ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು ರಕ್ತಸ್ರಾವದ ಸಾಧ್ಯತೆ ಹೆಚ್ಚಿಸಬಲ್ಲವು. ಹಾಗಂತ ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದೂ ತಪ್ಪು. ಇಬ್ಬರು ಡಾಕ್ಟರೂ ಮಾತಾಡಿಕೊಳ್ಳಲಿ.

ಡಿಸ್ಚಾರ್ಜ್‌ಗೆ ಮುಂಚೆ

ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ನ್ನು ಅವರ ಫೋನಿನಲ್ಲಿ ನೀವೇ ಹಾಕಿಕೊಡಿ. ಕನ್ನಡದಲ್ಲೂ ಮಾತಾಡಬಹುದು. ಊರಿಗೆ ಮರಳುವವರಿಗೆ ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯ ಬಗ್ಗೆ ಹೇಳಿ. ಇದೇ ಕಾಯಿಲೆಯ ಜೊತೆ ಬಾಳಿದ ಇನ್ನೊಬ್ಬರ ಜೊತೆ ಹತ್ತು ನಿಮಿಷ ಮಾತಾಡಿದರೆ, ನಾವು ಗಂಟೆಗಟ್ಟಲೆ ಹೇಳಿದ್ದಕ್ಕಿಂತ ಹೆಚ್ಚು ಉಪಯೋಗ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹಿಮೋಫಿಲಿಯಾ ಸೇರಿದೆ. ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೆ ಅರ್ಜಿ ಹಾಕಲು ಸಮಾಜ ಸೇವಾ ವಿಭಾಗದವರ ನೆರವು ಕೇಳಿ. ಚಿಕಿತ್ಸೆಗೆ ಓಡಾಡಲು ರೈಲು ಟಿಕೆಟ್‌ನಲ್ಲಿ ರಿಯಾಯಿತಿಯೂ ಇದೆ, ಅದಕ್ಕೆ ಡಾಕ್ಟರ ಸರ್ಟಿಫಿಕೇಟ್ ಬೇಕು.

ಕೊನೆಗೆ ಒಂದು ಚೀಟಿ ಬರೆಸಿ. ಒಂದು ಬದಿ ಡಾಕ್ಟರೇ ಇಂಗ್ಲಿಷಿನಲ್ಲಿ ಕಾಯಿಲೆಯ ಹೆಸರು, ಯಾವ ಫ್ಯಾಕ್ಟರ್, ತೀವ್ರತೆ ಎಷ್ಟು, ಯಾವ ಔಷಧಿ ಕೊಡಬಾರದು ಎಂದು ಬರೆಯಲಿ. ಇನ್ನೊಂದು ಬದಿ ಕನ್ನಡದಲ್ಲಿ ನೀವು ಬರೆಯಿರಿ: ತಲೆಗೆ ಪೆಟ್ಟು ಬಿದ್ದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ, ಸ್ಕ್ಯಾನ್‌ಗೆ ಮುಂಚೆಯೇ ಫ್ಯಾಕ್ಟರ್ ಕೊಡಲು ಕೇಳಿ. ಅದನ್ನು ಆಧಾರ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಕೊಡಿ.