ಏರಿಯ ಬುಡದಲ್ಲಿ ಕಂಡ ಒದ್ದೆ

ಸಕಲೇಶಪುರದ ಕಡೆಯ ನಮ್ಮ ಕಾಫಿ ತೋಟದಲ್ಲಿ ಅಜ್ಜ ಕಟ್ಟಿಸಿದ ಕೆರೆಯೊಂದಿದೆ. ಎರಡು ಗುಡ್ಡಗಳ ನಡುವಿನ ಹಳ್ಳಕ್ಕೆ ಅಡ್ಡಲಾಗಿ ಹಾಕಿದ ಮಣ್ಣಿನ ಏರಿ, ಎತ್ತರ 22 ಅಡಿ. ಹೂಮಳೆ ಕೈಕೊಟ್ಟ ವರ್ಷ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕುವುದು ಈ ಕೆರೆಯ ನೀರಿನಿಂದಲೇ. ಏರಿಯ ಕೆಳಗೆ ಗದ್ದೆ, ಗದ್ದೆಯಾಚೆ ತೋಟದ ಕೆಲಸದವರ ಐದು ಲೈನ್ ಮನೆಗಳು.

ಐವತ್ತು ವರ್ಷ ನಿಂತ ಏರಿ ಇನ್ನೈವತ್ತು ವರ್ಷ ನಿಲ್ಲುತ್ತದೆ ಎಂದುಕೊಂಡು ನಾನೂ ಆರಾಮವಾಗಿದ್ದೆ. 2018ರ ಮೇ ತಿಂಗಳಲ್ಲಿ ಕೀನ್ಯಾದ ಸೋಲಾಯಿ ಎಂಬಲ್ಲಿ ಖಾಸಗಿ ತೋಟವೊಂದರ ಮಣ್ಣಿನ ಅಣೆಕಟ್ಟು ರಾತ್ರಿ ಹೊತ್ತು ಒಡೆದು ನಲವತ್ತಕ್ಕೂ ಹೆಚ್ಚು ಜನ ಸತ್ತ ಸುದ್ದಿ ಓದಿದೆ. ಅದೇ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದವು. ಆ ಮಳೆಗಾಲದಲ್ಲೇ ಒಂದು ಬೆಳಗ್ಗೆ ಛತ್ರಿ ಹಿಡಿದು ಏರಿಯ ಹೊರಮೈಯ ಬುಡದವರೆಗೆ ಇಳಿದೆ. ಅಲ್ಲಿಗೆ ಇಳಿಯದೆ ಎಷ್ಟು ವರ್ಷವಾಗಿತ್ತೋ! ಲಂಟಾನ ಸೊಂಟದೆತ್ತರ ಬೆಳೆದಿತ್ತು. ಅದನ್ನು ಕಡಿಸಿದಾಗ ತೂಬಿನ (ಕೆರೆಯ ನೀರು ಹೊರಬಿಡುವ ಕಂಡಿಯ) ಪೈಪ್ ಹೊರಬರುವ ಜಾಗದ ಪಕ್ಕದಲ್ಲಿ ಒಂದು ಚಾಪೆಯಷ್ಟು ಅಗಲ ನೆಲ ಮೆತ್ತಗಾಗಿ ನೀರು ಒಸರುತ್ತಿತ್ತು.

ಆಗ ಮಾಡಿದ್ದು ತಪ್ಪು ಕೆಲಸ. ಜೇಡಿಮಣ್ಣು ತರಿಸಿ ಒಸರುವ ಜಾಗಕ್ಕೆ ಮೆತ್ತಿಸಿ, ಮೇಲೆ ಕಲ್ಲು ಹೇರಿಸಿದೆ. ನೀರು ನಿಂತಿತು. ಹನ್ನೊಂದನೆಯ ದಿನ ಎರಡು ಮಾರು ಮೇಲೆ, ಏರಿಯ ಮೈಯಲ್ಲೇ ಒದ್ದೆ ಕಾಣಿಸಿಕೊಂಡಿತು. ಹೊರಗೆ ಬರುವ ದಾರಿ ಮುಚ್ಚಿದರೆ ನೀರು ಏರಿಯೊಳಗೇ ಮೇಲೇರಿ ಮಣ್ಣನ್ನು ಇನ್ನಷ್ಟು ನೆನೆಸುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ನೀರಾವರಿ ಇಲಾಖೆಯಿಂದ ನಿವೃತ್ತರಾದ ನಮ್ಮ ನೆಂಟರೊಬ್ಬರು ಬಂದು ನೋಡಿ, “ಮೊದಲು ಆ ಮಣ್ಣು ಕಿತ್ತು ಹಾಕು. ನೀರು ಬರಲಿ ಬಿಡು, ಅದರ ಜೊತೆ ಮಣ್ಣು ಬರಬಾರದು, ಅಷ್ಟೇ” ಎಂದರು.

ಅವರು ಹೇಳಿದಂತೆ ಒಸರಿನ ಮೇಲೆ ಮೊದಲು ತೊಳೆದ ಮರಳು ಒಂದಡಿ, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ದಪ್ಪ ಜಲ್ಲಿ, ಕೊನೆಗೆ ಕಾಡುಕಲ್ಲು ಹಾಕಿದೆವು. ಮರಳು ಏರಿಯ ಮಣ್ಣನ್ನು ತಡೆಯುತ್ತದೆ, ಜಲ್ಲಿ ಮರಳನ್ನು ತಡೆಯುತ್ತದೆ, ನೀರು ಮಾತ್ರ ಹಾದು ಹೋಗುತ್ತದೆ. ಈ ಸಾಲು ಹಿಂದೆಮುಂದಾದರೆ ಹಾಕಿಯೂ ಪ್ರಯೋಜನವಿಲ್ಲ. ನೀರೆಲ್ಲ ಒಂದೇ ಕಡೆ ಬೀಳುವಂತೆ ಪಿವಿಸಿ ಪೈಪ್ ತುಂಡೊಂದನ್ನು ಕೂರಿಸಿ, ಅದರ ಕೆಳಗೆ 20 ಲೀಟರಿನ ಬಕೆಟ್ ಇಟ್ಟೆವು. ಬಕೆಟ್ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ವಾರಕ್ಕೊಮ್ಮೆ, ಮಳೆಗಾಲದಲ್ಲಿ ದಿನಾ, ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆಯುತ್ತಾರೆ. ಕೆರೆ ತುಂಬಿದಾಗ ನಾಲ್ಕು ನಿಮಿಷ, ಮಾರ್ಚ್‌ನಲ್ಲಿ ಹದಿನೈದಕ್ಕೂ ಹೆಚ್ಚು. ಕೆರೆಯ ಮಟ್ಟದ ಜೊತೆಗೆ ಏರಿಳಿದರೆ ನನಗೆ ಚಿಂತೆಯಿಲ್ಲ. ಮಟ್ಟ ಏರದೆಯೇ ಬಕೆಟ್ ಬೇಗ ತುಂಬಿದರೆ, ಇಲ್ಲವೇ ನೀರು ಕೆಂಪಗೆ ಬಂದರೆ, ಅಂದು ತೋಟದ ಉಳಿದ ಕೆಲಸವೆಲ್ಲ ನಿಲ್ಲಬೇಕು. ಬಣ್ಣ ನೋಡಲು ಗಾಜಿನ ಬಾಟಲಿಯಲ್ಲಿ ನೀರು ಹಿಡಿದು ಒಂದು ರಾತ್ರಿ ಇಡುತ್ತೇವೆ; ತಳದಲ್ಲಿ ಮಣ್ಣು ಕೂರಬಾರದು.

ಒಸರಿಗಿಂತ ನಾನು ಹೆಚ್ಚು ಬೆಚ್ಚಿದ್ದು ಕೋಡಿಯ, ಅಂದರೆ ತುಂಬಿದ ಕೆರೆಯ ಹೆಚ್ಚಿನ ನೀರು ಹೊರಹೋಗುವ ದಾರಿಯ, ಲೆಕ್ಕ ನೋಡಿದಾಗ. ಕೆರೆಗೆ ನೀರು ಬರುವ ಗುಡ್ಡದ ಪ್ರದೇಶ 40 ಎಕರೆ. ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಮಳೆ ಹೊಡೆದರೆ ಅಷ್ಟು ಜಾಗದಲ್ಲಿ ಬೀಳುವುದು ಸುಮಾರು 80 ಲಕ್ಷ ಲೀಟರ್. ಅರ್ಧ ಇಂಗಿತು ಎಂದುಕೊಂಡರೂ ಉಳಿದರ್ಧ ನಮ್ಮ ಆರಡಿ ಅಗಲದ ಕೋಡಿಯಲ್ಲಿ ಹೋಗಬೇಕು. ಆಗ ಅಲ್ಲಿ ನೀರು ಒಂದೂಮುಕ್ಕಾಲು ಅಡಿ ಎತ್ತರಕ್ಕೆ ಏರುತ್ತದೆ. ಏರಿಯ ತಲೆ ಕೋಡಿಗಿಂತ ಎರಡೂಕಾಲು ಅಡಿ ಮೇಲಿದೆಯಲ್ಲ ಎಂದು ಧೈರ್ಯದಲ್ಲಿದ್ದೆ. ಗಾರೆಯವರ ನೀರು ತುಂಬಿದ ಟ್ಯೂಬ್ ಮಟ್ಟ ಹಿಡಿದು ಏರಿಯುದ್ದಕ್ಕೂ ನೋಡಿದರೆ ನಟ್ಟನಡುವೆ, ಏರಿ ಅತಿ ಎತ್ತರವಿರುವ ಜಾಗದಲ್ಲೇ, ಒಂಬತ್ತು ಇಂಚು ಕುಸಿದಿತ್ತು. ಕಣ್ಣಿಗೆ ಒಂದಿಷ್ಟೂ ಕಾಣುವಂತಿರಲಿಲ್ಲ. ಅಂಥ ಮಳೆ ಬಂದಿದ್ದರೆ ನೀರು ಅಲ್ಲೇ ಏರಿ ಹತ್ತಿ ಇಳಿಯುತ್ತಿತ್ತು. ಮಣ್ಣಿನ ಏರಿಯ ಮೇಲೆ ನೀರು ಹರಿದರೆ ಹೊರಮೈ ಕೊರೆದು ಒಡೆಯಲು ಹೆಚ್ಚು ಹೊತ್ತು ಬೇಡ.

ಸಾಲದ್ದಕ್ಕೆ, ಮೀನು ತಪ್ಪಿಸಿಕೊಳ್ಳದಿರಲಿ ಎಂದು ನಾನೇ ಕೋಡಿಗೆ ಬಲೆ ಕಟ್ಟಿಸಿದ್ದೆ! ಸಿಲ್ವರ್ ಓಕ್ ಎಲೆಗಳು ಸಿಕ್ಕಿಕೊಂಡು ಅದು ಗೋಡೆಯಂತಾಗಿತ್ತು. ಬಲೆಯನ್ನು ಅದೇ ದಿನ ಬಿಚ್ಚಿಸಿದೆ. ಬೇಸಿಗೆಯಲ್ಲಿ ಕೋಡಿಯನ್ನು ಹದಿನಾಲ್ಕು ಅಡಿಗೆ ಅಗಲಿಸಿದೆವು. ಈಗ ಅದೇ ಮಳೆಗೆ ನೀರು ಒಂದಡಿ ಮೀರುವುದಿಲ್ಲ. ತಗ್ಗಿದ ಜಾಗದ ಹುಲ್ಲು, ಬೇರು ಕೆತ್ತಿ, ಅಂಟುಮಣ್ಣನ್ನು ಆರಾರು ಇಂಚಿನ ಪದರವಾಗಿ ಹದವಾಗಿ ನೀರು ಚಿಮುಕಿಸಿ ಧಮ್ಮಸ್ಸು ಮಾಡಿಸಿದೆ. ಗುತ್ತಿಗೆದಾರ ಕೆರೆಯ ತಳದ ಹೂಳನ್ನೇ, ಅಂದರೆ ಗೋಡನ್ನೇ, ಎತ್ತಿ ಸುರಿಯೋಣವೆಂದ. ಗೋಡು ಗಿಡಕ್ಕೆ ಒಳ್ಳೆಯದು, ಏರಿಗಲ್ಲ.

ಏರಿಯ ಮೇಲಿದ್ದ ಹಲಸಿನ ಮರದ ವಿಚಾರದಲ್ಲಿ ಮನೆಯಲ್ಲಿ ದೊಡ್ಡ ಜಗಳವೇ ಆಯಿತು. ಅಜ್ಜಿ ನೆಟ್ಟ ಮರ. ಸುಮ್ಮನೆ ಕಡಿದು ಬಿಟ್ಟರೆ ಬೇರು ಕೊಳೆತ ಜಾಗವೇ ನೀರಿಗೆ ಕೊಳವೆಯಾಗುತ್ತದೆ. ಬಿಟ್ಟರೆ ಗಾಳಿಗೆ ಬುಡಮೇಲಾಗಿ ಏರಿಯ ತುಂಡನ್ನೇ ಕಿತ್ತುಕೊಂಡು ಬೀಳಬಹುದು. ಕೆರೆ ತಳ ಕಂಡ ಏಪ್ರಿಲ್‌ನಲ್ಲಿ ಮರ ಕಡಿಸಿ, ಬೇರು ಅಗೆಸಿ, ಗುಂಡಿಯನ್ನು ಪದರ ಪದರವಾಗಿ ತುಂಬಿಸಿದೆ. ಅಮ್ಮ ಎರಡು ದಿನ ಮಾತಾಡಲಿಲ್ಲ. ಹುತ್ತ, ಏಡಿ ಬಿಲಗಳನ್ನೂ ಹಾಗೆಯೇ ಅಗೆದು ತುಂಬಿಸುತ್ತೇವೆ, ಬರೀ ಬಾಯಿಗೆ ಮಣ್ಣು ಮೆತ್ತಿ ಸುಮ್ಮನಾಗುವುದಿಲ್ಲ.

ನಮ್ಮಂಥ ಕೆರೆಯನ್ನು ನೋಡಲು ಯಾರೂ ಬರುವುದಿಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದ ಕಟ್ಟೆಗಳಿಗೆ, ಕೆಲವು ಷರತ್ತಿನೊಡನೆ 10 ಮೀಟರ್ ದಾಟಿದವಕ್ಕೆ ಅನ್ವಯಿಸುತ್ತದೆ. ನಮ್ಮದು ಏಳು ಮೀಟರ್ ಕೂಡ ಇಲ್ಲ. ಲೈನ್ ಮನೆಗಳವರಿಗೆ ನಾನೇ ಹೇಳಿಟ್ಟಿದ್ದೇನೆ: ರಾತ್ರಿ ತೋಟದ ಗಂಟೆ ನಿಲ್ಲದೆ ಬಾರಿಸಿದರೆ ಗದ್ದೆಯ ಕಡೆ ಹೋಗದೆ ಡ್ರೈಯಿಂಗ್ ಯಾರ್ಡಿಗೆ ಹತ್ತಬೇಕು.

ಉಳಿದಿರುವುದು ತೂಬಿನ ಹಳೆಯ ಹ್ಯೂಮ್ ಪೈಪ್ (ಕಾಂಕ್ರೀಟ್ ಕೊಳವೆ). ನೀರು ಒಸರುವುದು ಅದರ ಹೊರಮೈ ಹಿಡಿದೇ ಎಂದು ನೆಂಟರ ಅಂದಾಜು. ಅದನ್ನು ತೆಗೆಯಬೇಕಾದರೆ ಏರಿಯನ್ನೇ ಸೀಳಬೇಕು, ಒಂದು ಬೇಸಿಗೆಯ ನೀರಿನ ಆಸೆ ಬಿಡಬೇಕು. ಬರುವ ವರ್ಷ ಹೂವಿಗೆ ನೀರು ಹಾಯಿಸಿದ ಮೇಲೆ ಕೆರೆಯನ್ನು ದಿನಕ್ಕೆ ಅರ್ಧ ಅಡಿಯಂತೆ ನಿಧಾನ ಇಳಿಸಲು ಗುರುತು ಕಲ್ಲು ನೆಡಿಸಿದ್ದೇನೆ. ಒಮ್ಮೆಲೇ ಖಾಲಿ ಮಾಡಿದರೆ ನೆನೆದ ಒಳಮೈ ಜಾರುತ್ತದೆ.