ಬೆಂಕಿಕಡ್ಡಿ ಸೇತುವೆ ಕಟ್ಟಿ, ಬಕೆಟ್ ತೂಗುಹಾಕಿ

ಹರಿಹರದಲ್ಲಿ ತುಂಗಭದ್ರೆಗೆ ಕಟ್ಟಿದ ಹಳೇ ಸೇತುವೆ ದಾವಣಗೆರೆಯವರಿಗೆ ಗೊತ್ತಿರುವುದೇ. 1868ರಲ್ಲಿ ಮುಗಿದದ್ದು. ಕಲ್ಲು, ಇಟ್ಟಿಗೆಯ ಕಮಾನುಗಳು. ಕಮಾನಿನಲ್ಲಿ ಒಂದು ಕಲ್ಲು ಇನ್ನೊಂದನ್ನು ಒತ್ತಿಕೊಂಡೇ ನಿಲ್ಲುತ್ತದೆ. ಎಷ್ಟು ಒತ್ತಿದರೂ ಕಲ್ಲು ತಡೆಯುತ್ತದೆ, ಎಳೆತ ಮಾತ್ರ ಆಗದು. ಬೆಂಕಿಕಡ್ಡಿಯದು ಹೆಚ್ಚುಕಡಿಮೆ ಉಲ್ಟಾ. ಎರಡು ತುದಿ ಹಿಡಿದು ಎಳೆಯಿರಿ, ಜಗ್ಗುವುದಿಲ್ಲ. ನಿಲ್ಲಿಸಿ ಮೇಲಿಂದ ಒತ್ತಿ, ಬಾಗಿ ಪಟ್ ಅನ್ನುತ್ತದೆ.

ಮಗಳ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ನಾವು ಕಟ್ಟಿದ ಮೊದಲ ಸೇತುವೆ ಚೌಕ ಚೌಕವಾಗಿತ್ತು. ನೋಡಲು ಚೆಂದ. ಎರಡು ಲೋಟ ನೀರಿಗೇ ಚೌಕಗಳೆಲ್ಲ ಓರೆಯಾಗಿ ಮಲಗಿಬಿಟ್ಟವು. ತ್ರಿಕೋನ ಹಾಗೆ ಮಲಗುವುದಿಲ್ಲ. ಕಡ್ಡಿ ಮುರಿಯಬೇಕು, ಇಲ್ಲವೇ ಅಂಟು ಬಿಡಬೇಕು.

ನಾಲ್ಕು ಕಡ್ಡಿಪೊಟ್ಟಣ, ಫೆವಿಕಾಲ್, ಗ್ರಾಫ್ ಹಾಳೆ, ನೇಲ್ ಕಟರ್ ಸಾಕು. ಮೊದಲು ಮದ್ದಿನ ತುದಿ ಕತ್ತರಿಸಬೇಕು. ಇದು ದೊಡ್ಡವರ ಕೆಲಸ. ಮದ್ದನ್ನು ಮುಟ್ಟದೆ ಅದರ ಕೆಳಗಿನ ಮರಕ್ಕೆ ಕಟರ್ ಹಾಕಿ, ತುದಿಗಳನ್ನು ನೀರಿಗೆ ಹಾಕಿಬಿಡಿ. ಎಲ್ಲ ಕಡ್ಡಿಯೂ 4 ಸೆಂ.ಮೀ. ಇರಲಿ. ಸೊಟ್ಟ ಕಡ್ಡಿ, ಸೀಳಿದ ಕಡ್ಡಿ ಬೇಡ. ಪೊಟ್ಟಣದಲ್ಲಿ ಅಂಥವೇ ಜಾಸ್ತಿ ಇರುತ್ತವೆ!

ಗ್ರಾಫ್ ಹಾಳೆಯಲ್ಲಿ ಸೇತುವೆಯ ಒಂದು ಪಕ್ಕವನ್ನು ಬರೆಯಿರಿ. ಕೆಳಪಟ್ಟಿ 24 ಸೆಂ.ಮೀ., ಅಂದರೆ ಆರು ಕಡ್ಡಿ. ಮೇಲ್ಪಟ್ಟಿ ಐದು ಕಡ್ಡಿ, 20 ಸೆಂ.ಮೀ. ನಡುವೆ 3 ಸೆಂ.ಮೀ. ಎತ್ತರ. ಎರಡು ಪಟ್ಟಿಗಳ ನಡುವೆ ತ್ರಿಕೋನಗಳಾಗುವಂತೆ ಅಂಕುಡೊಂಕಾಗಿ ಓರೆಕಡ್ಡಿಗಳು ಹನ್ನೆರಡು. ಹಾಳೆಯ ಮೇಲೆ ಬಿಡಿಸಿದ ಹಾಲಿನ ಪ್ಯಾಕೆಟ್ ಹರಡಿ. ಅದಕ್ಕೆ ಅಂಟು ಹಿಡಿಯುವುದಿಲ್ಲ.

ಪಟ್ಟಿಗಳು ಎರಡು ಪದರ ಇರಬೇಕು. ಇಟ್ಟಿಗೆ ಕಟ್ಟುವವರು ಸಂದಿನ ಮೇಲೆ ಸಂದು ಬರಲು ಬಿಡುವುದಿಲ್ಲ, ಅಲ್ವಾ? ಹಾಗೇ ಎರಡನೇ ಪದರವನ್ನು ಅರ್ಧ ಕಡ್ಡಿಯಿಂದ ಶುರುಮಾಡಿ. ಓರೆಕಡ್ಡಿಗಳನ್ನು ಪಟ್ಟಿಯ ಅಂಚಿಗೆ ತಾಗಿಸಿ ನಿಲ್ಲಿಸಬೇಡಿ, ಮೈಮೇಲೆ ಕೂರಿಸಿ. ಅಂಟು ಹಿಡಿಯಲು ಜಾಗ ಸಿಗುತ್ತದೆ. ಮೇಲೇರುತ್ತಾ ಸೇತುವೆಯ ಮಧ್ಯಕ್ಕೆ ವಾಲುವ ಓರೆಕಡ್ಡಿಗಳ ಮೇಲೆ ಒತ್ತಡ ಬೀಳುತ್ತದೆ. ಆ ಆರನ್ನು ಮಾತ್ರ ಜೋಡಿ ಮಾಡಿ. ಉಳಿದ ಆರಕ್ಕೆ ಬರೀ ಎಳೆತ, ಒಂಟಿ ಕಡ್ಡಿ ಸಾಕು. ಅಂಟು ಸಾಸಿವೆ ಕಾಳಿನಷ್ಟು ಹಾಕಿ. ಸುರಿದರೆ ತೂಕ ಏರುತ್ತದೆಯೇ ಹೊರತು ಬಲ ಏರುವುದಿಲ್ಲ.

ಇನ್ನೊಂದು ಪಕ್ಕವನ್ನೂ ಹೀಗೇ ಮಾಡಿ. ಎರಡೂ ಒಣಗಿದ ಮೇಲೆ ಎದುರುಬದುರು ನಿಲ್ಲಿಸಿ, ಓರೆಕಡ್ಡಿ ಪಟ್ಟಿಗೆ ಸೇರುವ ಪ್ರತಿ ಸಂದಿಗೂ ಒಂದು ಅಡ್ಡಕಡ್ಡಿ ಅಂಟಿಸಿ. ಮೇಲೆ, ಕೆಳಗೆ ಉಂಟಾಗುವ ಚೌಕಗಳಿಗೂ ಮೂಲೆಯಿಂದ ಮೂಲೆಗೆ ಕಡ್ಡಿ ಬೇಕು. ಒಂದು ಕಡ್ಡಿ ಮುಟ್ಟುವುದಿಲ್ಲ, ಎರಡನ್ನು ಒಂದರ ಮೇಲೊಂದು ಸ್ವಲ್ಪ ಸೇರಿಸಿ ಅಂಟಿಸಿ. ಒಂದು ಇಡೀ ದಿನ ಒಣಗಲು ಬಿಡಿ. ಮಕ್ಕಳು ತಡೆಯುವುದಿಲ್ಲ, ನಾನೂ ತಡೆದಿರಲಿಲ್ಲ.

ಈಗ ಸೇತುವೆಯನ್ನು ತೂಗಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಂದೇ ಎತ್ತರದ ಎರಡು ಸ್ಟೂಲುಗಳನ್ನು 22 ಸೆಂ.ಮೀ. ದೂರ ಇಟ್ಟು ಅವುಗಳ ಮೇಲೆ ಕೂರಿಸಿ. ನಟ್ಟನಡುವಿನ ಕೆಳಸಂದುಗಳ ಮೇಲೆ ಪೆನ್ಸಿಲ್ ಅಡ್ಡ ಇಟ್ಟು, ಅದರಿಂದ ದಾರ ಇಳಿಬಿಟ್ಟು ಬಕೆಟ್ ಕಟ್ಟಿ. ಬಕೆಟ್ ನೆಲದಿಂದ ಎರಡು ಬೆರಳು ಮೇಲಿರಲಿ, ಕೆಳಗೊಂದು ಹಳೇ ಟವೆಲ್ ಹಾಸಿ. ಲೋಟದಲ್ಲಿ ನಿಧಾನಕ್ಕೆ ನೀರು ಸುರಿಯಿರಿ. ಒಂದು ಲೀಟರ್ ಅಂದರೆ ಒಂದು ಕೆಜಿ, ಲೆಕ್ಕ ಸುಲಭ. ಬಕೆಟ್ಟಿನ ತೂಕವನ್ನೂ ಸೇರಿಸಿ. 25 ಗ್ರಾಂ ಸೇತುವೆ 5 ಕೆಜಿ ಹೊತ್ತರೆ ತನ್ನ ತೂಕದ 200 ಪಟ್ಟು ಹೊತ್ತ ಹಾಗೆ. ಟಕ್ ಟಕ್ ಸದ್ದು ಶುರುವಾದರೆ ಮುಖ ಹತ್ತಿರ ಒಯ್ಯಬೇಡಿ.

ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೊ ಮಾಡಿಕೊಳ್ಳಿ. ಮುರಿದ ಮೇಲೆ ಎಲ್ಲ ಒಂದೇ ರಾಶಿ, ಮೊದಲು ಹೋದದ್ದು ಯಾವುದು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ನಮ್ಮ ಎರಡನೇ ಸೇತುವೆಯಲ್ಲಿ ಮೇಲ್ಪಟ್ಟಿ ಪಕ್ಕಕ್ಕೆ ಬಾಗಿ ಹೋಗಿತ್ತು. ಮೇಲಿನ ಚೌಕಗಳಿಗೆ ಓರೆಕಡ್ಡಿ ಯಾಕೆ, ಸುಮ್ನೆ ಕೆಲಸ ಅಂದಿದ್ದು ನಾನೇ. ಮಗಳು ಆ ವಿಡಿಯೊವನ್ನು ಇನ್ನೂ ಅಳಿಸಿಲ್ಲ.