ಮೀನು ತಾನೇ ಸಿಕ್ಕಿಕೊಳ್ಳುವ ಗಾಳ: ನಾನು ಕಟ್ಟುವ ರೀತಿ

ಗೆಂಡೆ ಮೀನು ಎರೆಯನ್ನು ಕಚ್ಚಿ ಎಳೆಯುವುದಿಲ್ಲ. ನೀರಿನ ಜೊತೆ ಒಳಕ್ಕೆ ಹೀರುತ್ತದೆ, ಅನುಮಾನ ಬಂದರೆ ಅಷ್ಟೇ ಬೇಗ ಉಗುಳುತ್ತದೆ. ನಾವು ನೋಡಿ ಕೋಲು ಎತ್ತುವಷ್ಟರಲ್ಲಿ ಕೊಕ್ಕೆ ಹೊರಬಿದ್ದಿರುತ್ತದೆ. ಮೀನು ತಾನೇ ಸಿಕ್ಕಿಕೊಳ್ಳುವ ಈ ಗಾಳದಲ್ಲಿ, ಅಂದರೆ ಬೋಲ್ಟ್ ರಿಗ್‌ನಲ್ಲಿ, ಆ ಎಳೆತದ ಕೆಲಸ ಸೀಸದ ಗುಂಡಿನದು. ಕೊಕ್ಕೆಯ ಮೊನೆ ತುಟಿಗೆ ತಾಗಿದೊಡನೆ ಮೀನು ಗಾಬರಿಯಿಂದ ಓಡುತ್ತದೆ, ಗುಂಡಿನ ಭಾರ ತಡೆಯುತ್ತದೆ, ಕೊಕ್ಕೆ ಒಳಗಿಳಿಯುತ್ತದೆ.

ಹಾಗಾಗಿ ಗುಂಡು ಹಗುರಾಗಬಾರದು. ನಾನು 80ರಿಂದ 100 ಗ್ರಾಂ ಹಾಕುತ್ತೇನೆ. ಗುಂಡಿನಿಂದ ಕೊಕ್ಕೆಗೆ ಹೋಗುವ ದಾರ 15 ಸೆಂ.ಮೀ. ಸುಮಾರು. ಅದನ್ನು ಉದ್ದ ಬಿಟ್ಟರೆ ಭಾರ ತಟ್ಟುವ ಮೊದಲೇ ಉಗುಳಲು ಮೀನಿಗೆ ಸಮಯ ಸಿಗುತ್ತದೆ. ತಳ ಮೆತ್ತಗಿನ ಕೆಸರಾದರೆ ಮಾತ್ರ 25 ಸೆಂ.ಮೀ.ವರೆಗೆ ಬಿಡಬೇಕು, ಇಲ್ಲದಿದ್ದರೆ ಗುಂಡು ಹೂತು ಎರೆಯನ್ನೂ ಜೊತೆಗೆ ಎಳೆದುಕೊಳ್ಳುತ್ತದೆ.

ಎರೆಯನ್ನು ಕೊಕ್ಕೆಗೆ ಚುಚ್ಚುವುದಿಲ್ಲ. ಹೇರ್ ಎನ್ನುವ ತೆಳು ಎಳೆಯಲ್ಲಿ ಪಕ್ಕಕ್ಕೆ ನೇತುಬಿಡುತ್ತೇನೆ, ಮೊನೆ ಪೂರ್ತಿ ಬರಿದಾಗಿರಲೆಂದು. ಹೆಣೆದ ದಾರದ ತುದಿಗೆ ಪುಟ್ಟ ಕುಣಿಕೆ ಹಾಕಿ, 15 ಮಿ.ಮೀ. ಬಾಯ್ಲಿಯನ್ನು (ಬೇಯಿಸಿದ ಹಿಟ್ಟಿನ ಗಟ್ಟಿ ಉಂಡೆ, ಇದೇ ಎರೆ) ಪೋಣಿಸಿ, ಅದು ಜಾರದಂತೆ ಕುಣಿಕೆಗೆ ಪುಟ್ಟ ತಡೆಕಡ್ಡಿ ಸಿಕ್ಕಿಸಿ. ಈ ತುದಿಯೇ ಹೇರ್. ದಾರದ ಇನ್ನೊಂದು ತುದಿಯನ್ನು 8ನೇ ನಂಬರಿನ ಕೊಕ್ಕೆಯ ಕಣ್ಣಿನಲ್ಲಿ ಹಿಂದಿನಿಂದ ತೂರಿಸಿ. ಎರೆಗೂ ಕೊಕ್ಕೆಯ ಬಾಗಿಗೂ 5 ಮಿ.ಮೀ. ಸಂದು ಇರುವಂತೆ ಹಿಡಿದು, ಕೊಕ್ಕೆಯ ಕಾಂಡಕ್ಕೂ ಹೇರಿಗೂ ಸೇರಿಸಿ 7–8 ಸುತ್ತು ಬಿಗಿಯಾಗಿ ಸುತ್ತಿ. ಕೊನೆಗೆ ಮತ್ತೆ ಹಿಂದಿನಿಂದಲೇ ತೂರಿಸಿ, ದಾರ ಮೊನೆಯ ಕಡೆಗೆ ಹೊರಬರಬೇಕು. ಮುಂದಿನಿಂದ ತೂರಿಸಿದರೆ ಎಳೆದಾಗ ಕೊಕ್ಕೆ ಸರಿಯಾಗಿ ತಿರುಗುವುದಿಲ್ಲ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಕಟ್ಟಿದ ಮೇಲೆ ಅಂಗೈ ಮೇಲೆ ಮೆಲ್ಲಗೆ ಎಳೆದು ನೋಡಿ. ಕೊಕ್ಕೆ ಹೊರಳಿ ಮೊನೆ ಕೆಳಮುಖವಾಗಬೇಕು.

ಗುಂಡನ್ನು ದಾರಕ್ಕೆ ಗಂಟು ಹಾಕಿ ಕಟ್ಟಲೇಬೇಡಿ. ದಾರ ತುಂಡಾದರೆ ಮೀನು ಆ ಭಾರ ಎಳೆದುಕೊಂಡು ತಿರುಗಿ ಎಲ್ಲೋ ಸಿಕ್ಕಿ ಸಾಯುತ್ತದೆ. ದಾರ ತುಂಡಾದಾಗ ಗುಂಡನ್ನು ಕಳಚಿಬಿಡುವ ಲೆಡ್ ಕ್ಲಿಪ್ ಎಂಬ ಪ್ಲಾಸ್ಟಿಕ್ ಹಿಡಿಕೆಗೆ ಸಿಕ್ಕಿಸಿ, ಅದರ ರಬ್ಬರ್ ಬಾಲವನ್ನು ಅರ್ಧಕ್ಕಷ್ಟೇ ಒತ್ತಿ. ಪೂರ್ತಿ ಒತ್ತಿದರೆ ಗುಂಡು ಕಳಚುವುದಿಲ್ಲ, ಕ್ಲಿಪ್ ಹಾಕಿಯೂ ವ್ಯರ್ಥ.

ಮೊನೆಯನ್ನು ಉಗುರಿನ ಮೇಲೆ ಇಟ್ಟು ಜಾರಿಸಿ ನೋಡುತ್ತೇನೆ. ಕಚ್ಚಿ ನಿಂತರೆ ಸರಿ, ಜಾರಿದರೆ ಆ ಕೊಕ್ಕೆಯನ್ನು ಬಿಸಾಡುತ್ತೇನೆ. ಕಲ್ಲುನೆಲದಿಂದ ಒಮ್ಮೆ ಎಳೆದರೂ ಮೊನೆ ಮಡಚುತ್ತದೆ, ಆದ್ದರಿಂದ ಪ್ರತಿ ಎಸೆತಕ್ಕೂ ಈ ಪರೀಕ್ಷೆ. ದಾರ ಎಳೆದಾಗ ಕೂಗುವ ಅಲಾರ್ಮ್ ಒಂದೆರಡು ಸಲ ಕೂಗಿ ಸುಮ್ಮನಾಗುತ್ತಿದ್ದರೆ ನಾನು ಎರೆ ಬದಲಿಸುವ ಮೊದಲು ಮೊನೆಯನ್ನೇ ನೋಡುತ್ತೇನೆ.

ರೀಲನ್ನು ಸಡಿಲ ಬಿಡಿ. ಬಿಗಿಯಾಗಿಟ್ಟರೆ ಮೊದಲ ಓಟಕ್ಕೇ ಕೋಲು ನೀರಿಗೆ ಹೋಗುತ್ತದೆ. ಓಟ ಶುರುವಾದ ಮೇಲೆ ಜೋರಾಗಿ ಸೆಳೆಯುವುದೂ ಬೇಡ. ಕೊಕ್ಕೆ ಆಗಲೇ ಕೂತಿರುತ್ತದೆ, ಸೆಳೆದರೆ ತುಟಿ ಹರಿಯುತ್ತದೆ. ರೀಲು ಬಿಗಿ ಮಾಡಿ ಕೋಲನ್ನು ಮೆಲ್ಲಗೆ ಎತ್ತಿದರೆ ಸಾಕು.